ಕೊನೆಯ ಬಾರಿ ಚೆನ್ನಾಗಿದ್ದದ್ದು ಯಾವಾಗ?

ರಾತ್ರಿ ಪಾಳಿ ಶುರುವಾಗುವ ಮುನ್ನ, ಆಂಬುಲೆನ್ಸಿನಲ್ಲಿ ರೋಗಿಗಳನ್ನು ನೋಡಿಕೊಳ್ಳುವ, ನಾನು ಅಕ್ಕ ಎಂದು ಕರೆಯುವ ಸಿಬ್ಬಂದಿ ಗಾಡಿಯ ಹಿಂಬಾಗಿಲು ತೆರೆದು ಒಳಗೆ ಮೊಣಕಾಲೂರಿ ಕುಳಿತರು. ಉಸಿರಿನ ಕೊಳವೆ ಹಾಕುವಾಗ ಗಂಟಲೊಳಗೆ ನೋಡಲು ಬಳಸುವ ಲ್ಯಾರಿಂಗೋಸ್ಕೋಪನ್ನು ಎತ್ತಿಕೊಂಡು ಬ್ಲೇಡನ್ನು ಹಿಡಿಗೆ ಸಿಕ್ಕಿಸಿ ಬಿಡಿಸಿದರು. ತುದಿಯಲ್ಲಿ ಕಾಳಿನಷ್ಟು ಚಿಕ್ಕ ಬಲ್ಬೊಂದು ಬೆಳಗಿತು. ಮಡಿಸಿದರು, ಆರಿತು. ಮತ್ತೆ ಬಿಡಿಸಿದರು, ಬೆಳಗಿತು. ಆಮೇಲೆ ಆಮ್ಲಜನಕದ ಸಿಲಿಂಡರಿನ ಮುಳ್ಳು, ಕಫ ಹೀರುವ ಯಂತ್ರ, ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಡಿಫಿಬ್ರಿಲೇಟರಿನ ಪ್ಯಾಡುಗಳ ಮೇಲಿನ ದಿನಾಂಕ, ಗ್ಲೂಕೋಮೀಟರಿನ ಪಟ್ಟಿಗಳು. ಹಿಂದಿನ ಪಾಳಿಯವರು ಎಲ್ಲವನ್ನೂ ನೋಡಿ ಸಹಿ ಹಾಕಿದ್ದರು. ಅಕ್ಕ ಆ ಸಹಿಯ ಕೆಳಗೆ ತಮ್ಮ ಸಹಿ ಹಾಕಲು ಮುಕ್ಕಾಲು ಗಂಟೆ ತೆಗೆದುಕೊಂಡರು.

ನಾನು ಅಂದು ವೀಕ್ಷಕಿಯಾಗಿ ಹೋಗಿದ್ದೆ, 12 ಗಂಟೆಗಳ ಒಂದು ಪಾಳಿಗೆ. ರೋಗಿಯನ್ನು ಮುಟ್ಟುವಂತಿಲ್ಲ, ಫೋಟೋ ತೆಗೆಯುವಂತಿಲ್ಲ, ಕಂಡದ್ದನ್ನು ಗುರುತು ಸಿಗುವಂತೆ ಎಲ್ಲಿಯೂ ಹೇಳುವಂತಿಲ್ಲ ಎಂಬ ಕಾಗದಕ್ಕೆ ಸಹಿ ಮಾಡಿದ್ದೆ. ಆದ್ದರಿಂದ ಇಲ್ಲಿಯೂ ಕೆಲವು ವಿವರಗಳನ್ನು ಬದಲಿಸಿಯೇ ಬರೆಯುತ್ತಿದ್ದೇನೆ. ತುರ್ತು ವೈದ್ಯಕೀಯ ತಂತ್ರಜ್ಞರ ತರಬೇತಿಗೆ ಅರ್ಜಿ ಹಾಕಲು ಹತ್ತು ದಿನ ಉಳಿದಿತ್ತು. ಆರು ವರ್ಷಗಳಿಂದ ಮಾಡುತ್ತಿದ್ದ ಲೆಕ್ಕಪತ್ರದ ಕೆಲಸವನ್ನು ಬಿಡಬೇಕೋ ಬೇಡವೋ ಎಂಬುದು ಆ ಒಂದು ರಾತ್ರಿಯಲ್ಲಿ ತೀರ್ಮಾನವಾಗಿಬಿಡುತ್ತದೆ ಎಂದುಕೊಂಡಿದ್ದೆ. ರಕ್ತ ಕಂಡು ತಲೆ ಸುತ್ತಿದರೆ ಬೇಡ, ಸುತ್ತದಿದ್ದರೆ ಸರಿ. ನನಗೆ ನಾನೇ ಇಟ್ಟುಕೊಂಡಿದ್ದ ಪರೀಕ್ಷೆ ಇಷ್ಟೇ.

ಆಸೆ ಹುಟ್ಟಿದ್ದು ಎರಡು ವರ್ಷದ ಹಿಂದೆ, ಚಿಕ್ಕಪ್ಪ ನಮ್ಮ ಮನೆಯ ಹಜಾರದಲ್ಲಿ ಕುಸಿದು ಬಿದ್ದ ದಿನ. ಮಾತನಾಡುತ್ತಿದ್ದವರು ಹಾಗೆಯೇ ಪಕ್ಕಕ್ಕೆ ವಾಲಿದರು. ಅಮ್ಮ ಮುಖಕ್ಕೆ ನೀರು ಚಿಮುಕಿಸಿದರು, ನಾನು ಅಂಗಾಲು ತಿಕ್ಕಿದೆ. ಆಗೊಮ್ಮೆ ಈಗೊಮ್ಮೆ ಅವರು ಬಾಯಿ ತೆರೆದು ಗೊರಕೆಯಂತೆ ಗಾಳಿ ಎಳೆಯುತ್ತಿದ್ದರು. 'ಉಸಿರಾಡುತ್ತಿದ್ದಾರೆ, ಉಸಿರಾಡುತ್ತಿದ್ದಾರೆ' ಎಂದು ಫೋನಿನಲ್ಲಿ ಕೂಗಿ ಹೇಳಿದವಳು ನಾನೇ. ಅದು ಉಸಿರಾಟವಾಗಿರಲಿಲ್ಲ. ಹೃದಯ ನಿಂತ ಮೇಲೂ ಕೆಲವು ನಿಮಿಷಗಳ ಕಾಲ ದೇಹ ಹಾಗೆ ಏದುತ್ತದೆ. ಎಷ್ಟೋ ಮನೆಗಳಲ್ಲಿ ಎದೆ ಒತ್ತುವುದು ತಡವಾಗುವುದು ಆ ಏದುವಿಕೆಯನ್ನು ಉಸಿರೆಂದು ನಂಬುವುದರಿಂದಲೇ. ಫೋನಿನ ಆ ಕಡೆಯವರು 'ಎದೆ ಸಮನಾಗಿ ಏರಿಳಿಯುತ್ತಿದೆಯೇ, ಸರಿಯಾಗಿ ನೋಡಿ' ಎಂದು ಕೇಳಿ ಕೇಳಿ, ಕೊನೆಗೆ ಒತ್ತಲು ಹೇಳಿದರು. ಅಷ್ಟರಲ್ಲಿ ಎಷ್ಟು ನಿಮಿಷ ಕಳೆದಿದ್ದವೋ. ಚಿಕ್ಕಪ್ಪ ಉಳಿಯಲಿಲ್ಲ.

ಆಮೇಲೆ ಪ್ರಥಮ ಚಿಕಿತ್ಸೆಯ ತರಗತಿಗೆ ಸೇರಿದೆ. ಎದೆ ಒತ್ತದೆ, ವಿದ್ಯುತ್ ಆಘಾತ ಕೊಡದೆ ಕಳೆಯುವ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಕುಗ್ಗುತ್ತದೆ ಎಂದು ಅಲ್ಲಿ ಹೇಳಿದಾಗ ನಾನು ಎದ್ದು ಹೊರಗೆ ಹೋದೆ. ಸ್ವಲ್ಪ ಹೊತ್ತಿನ ಮೇಲೆ ಒಳಗೆ ಬಂದು ಗೊಂಬೆಯ ಎದೆ ಒತ್ತಿದೆ. ಐದು ಸೆಂಟಿಮೀಟರಿಗೆ ಕಡಿಮೆಯಾಗದಂತೆ, ಆರನ್ನು ಮೀರದಂತೆ, ನಿಮಿಷಕ್ಕೆ 100ರಿಂದ 120 ಸಲ. ಎರಡು ನಿಮಿಷಕ್ಕೆ ತೋಳು ಸೋಲುತ್ತದೆ. ಬೇರೆಯವರ ಸರದಿ ಬಂದರೂ ನನಗೆ ನಿಲ್ಲಿಸಲು ಮನಸ್ಸಾಗಲಿಲ್ಲ.

ಮನೆಯಲ್ಲಿ ಒಪ್ಪಿಗೆಯಿರಲಿಲ್ಲ. ಅಪ್ಪನ ಕಣ್ಣಿಗೆ ಅದು 'ಗಾಡಿಯ ಹಿಂದೆ ಕೂರುವ ಕೆಲಸ'. ಬಹಳ ಜನ ಹಾಗೆಯೇ ತಿಳಿದಿದ್ದಾರೆ, ಮತ್ತು ಒಂದು ಕಾಲಕ್ಕೆ ಅದು ಹಾಗೆಯೇ ಇತ್ತು. 1960ರ ದಶಕದ ಅಮೆರಿಕದಲ್ಲಿ ಎಷ್ಟೋ ಕಡೆ ರೋಗಿಯನ್ನು ಹೊತ್ತೊಯ್ಯುತ್ತಿದ್ದುದು ಪೊಲೀಸ್ ವ್ಯಾನು, ಇಲ್ಲವೇ ಶವವಾಹನ. 1966ರಲ್ಲಿ ಬೆಲ್‌ಫಾಸ್ಟ್‌ನ ಹೃದ್ರೋಗ ತಜ್ಞ ಫ್ರಾಂಕ್ ಪ್ಯಾಂಟ್ರಿಡ್ಜ್ ಡಿಫಿಬ್ರಿಲೇಟರನ್ನು ಆಂಬುಲೆನ್ಸಿಗೆ ಏರಿಸಿ ರೋಗಿ ಇದ್ದಲ್ಲಿಗೇ ಕಳುಹಿಸಿದರು. ಮೊದಲ ಯಂತ್ರ ಸುಮಾರು 70 ಕಿಲೋ ತೂಗುತ್ತಿತ್ತು. ಮರುವರ್ಷ ಪಿಟ್ಸ್‌ಬರ್ಗ್‌ನಲ್ಲಿ ಫ್ರೀಡಂ ಹೌಸ್ ಎಂಬ ಆಂಬುಲೆನ್ಸ್ ಸೇವೆ ಆರಂಭವಾಯಿತು. ದುಡಿಯಲು ಲಾಯಕ್ಕಿಲ್ಲ ಎಂಬ ಹಣೆಪಟ್ಟಿ ಹೊತ್ತಿದ್ದ ಕಪ್ಪು ಜನಾಂಗದ ತರುಣರಿಗೆ ಡಾ. ಪೀಟರ್ ಸಫಾರ್ ಅವರ ಮಾರ್ಗದರ್ಶನದಲ್ಲಿ ನೂರಾರು ಗಂಟೆಗಳ ತರಬೇತಿ ಕೊಟ್ಟು, ರಸ್ತೆಯ ಮೇಲೆಯೇ ಜೀವ ಉಳಿಸುವವರನ್ನಾಗಿ ಮಾಡಿದರು. ಇವತ್ತಿನ ಪ್ಯಾರಾಮೆಡಿಕ್‌ಗಳ ಪೂರ್ವಿಕರಲ್ಲಿ ಅವರೂ ಸೇರಿದ್ದಾರೆ. ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಅವರು ಕೇಳಿಸಿಕೊಂಡರು, ಒಪ್ಪಲಿಲ್ಲ.

ಅಮ್ಮ ಕೇಳಿದ್ದೇ ಬೇರೆ. 'ಚಿಕ್ಕಪ್ಪನಿಗಾಗಿ ಹೋಗುತ್ತಿದ್ದೀಯಾ?' ಉತ್ತರ ಬಾಯಿಗೆ ಬರಲಿಲ್ಲ.

ಪಾಳಿಯ ಮೊದಲ ಕರೆ ರಾತ್ರಿ ಒಂಬತ್ತಕ್ಕೆ. ಕುಡಿದವನೊಬ್ಬ ಗಲಾಟೆ ಮಾಡಿ ಬಿದ್ದಿದ್ದಾನೆ ಎಂದು ಮಾಹಿತಿ. ಹೋಗಿ ನೋಡಿದರೆ ನಡುವಯಸ್ಸಿನ ಮನುಷ್ಯ ಗೋಡೆಗೆ ಒರಗಿ ಕುಳಿತು, ಹತ್ತಿರ ಬಂದವರ ಕಡೆಗೆಲ್ಲ ಕೈ ಬೀಸುತ್ತಿದ್ದ. ಸುತ್ತ ನಿಂತವರು ದೂರದಿಂದಲೇ ಬೈಯುತ್ತಿದ್ದರು. ಅಕ್ಕ ಮೊದಲು ನೋಡಿದ್ದು ಅವನ ಅಂಗಿಯನ್ನು. ಮಳೆಯಲ್ಲಿ ನೆಂದವನಂತೆ ಬೆವರಿನಿಂದ ತೊಯ್ದು ಹೋಗಿತ್ತು. 'ಕುಡಿದವರು ಹೀಗೆ ಬೆವರುವುದಿಲ್ಲ' ಎಂದು ನನಗೆ ಮಾತ್ರ ಕೇಳುವಂತೆ ಹೇಳಿ, ಚಾಲಕ ಅಣ್ಣ ಕೈ ಹಿಡಿದುಕೊಂಡ ಕೂಡಲೇ ಬೆರಳು ಚುಚ್ಚಿದರು. ಗ್ಲೂಕೋಮೀಟರು 38 ತೋರಿಸಿತು. 70ಕ್ಕಿಂತ ಕೆಳಗಿಳಿದರೇ ಸಕ್ಕರೆ ಕಡಿಮೆಯಾಯಿತೆಂದು ಲೆಕ್ಕ. ಮಿದುಳಿಗೆ ಇಂಧನವೇ ಇಲ್ಲದೆ ಅವನು ತಾನೇನು ಮಾಡುತ್ತಿದ್ದೇನೆಂಬ ಅರಿವಿಲ್ಲದ ಸ್ಥಿತಿಯಲ್ಲಿದ್ದ. ನರಕ್ಕೆ ಗ್ಲೂಕೋಸ್ ಹೋಗತೊಡಗಿ ಕೆಲವೇ ನಿಮಿಷಗಳಲ್ಲಿ ಬೀಸುತ್ತಿದ್ದ ಕೈ ತಣ್ಣಗಾಯಿತು. ಕಣ್ಣುಗಳು ಒಂದು ಕಡೆ ನಿಂತವು. 'ನೀವು ಯಾರು? ನಾನು ಯಾರಿಗಾದರೂ ಹೊಡೆದೆನೇ?' ಎಂದು ಕೇಳಿದ. ದನಿಯಲ್ಲಿ ಎಷ್ಟು ನಾಚಿಕೆಯಿತ್ತೆಂದರೆ ನನಗೆ ಸುತ್ತ ನಿಂತವರ ಮೇಲೆ ಸಿಟ್ಟು ಬಂತು. ಅಕ್ಕನಿಗೆ ಬರಲಿಲ್ಲ. ಅವರು ಆ ಜನರ ಕಡೆಗೆ ತಿರುಗಿ, 'ಕರೆ ಮಾಡಿದವರು ಯಾರು? ಒಳ್ಳೆಯ ಕೆಲಸ ಮಾಡಿದಿರಿ' ಎಂದರು.

ಎರಡನೆಯದು ನಡುರಾತ್ರಿ. ಒಂಟಿಯಾಗಿದ್ದ ಅಜ್ಜಿಯೊಬ್ಬರು ಸ್ನಾನದ ಮನೆಯಲ್ಲಿ ಬಿದ್ದು ಏಳಲಾರದೆ ಮೂರು ಗಂಟೆ ನೆಲದ ಮೇಲೆಯೇ ಇದ್ದರು. ಮೂಳೆ ಮುರಿದಿರಲಿಲ್ಲ. ಎತ್ತಿ ಕೂರಿಸಿದರು, ಒರೆಸಿದರು, ಹೊದಿಸಿದರು, ರಕ್ತದೊತ್ತಡ ನೋಡಿದರು, ಮಗಳಿಗೆ ಫೋನು ಮಾಡಿದರು. ಸೈರನ್ನಿಲ್ಲ, ಓಟವಿಲ್ಲ. ಈ ವೃತ್ತಿಯ ಹೆಚ್ಚಿನ ಕರೆಗಳು ಹೀಗೆಯೇ ಇರುತ್ತವೆ ಎಂದು ಅಣ್ಣ ಹೇಳಿದರು. ಸೊಂಟದ ಮಟ್ಟಿಗಂತೂ ಅಪಘಾತಗಳಿಗಿಂತ ಇಂಥ ಎತ್ತುವಿಕೆಗಳೇ ಕಷ್ಟವಂತೆ. ಅವರಿಗೇ ಎರಡು ಸಲ ಬೆನ್ನು ಹಿಡಿದು ತಿಂಗಳುಗಟ್ಟಲೆ ಮನೆಯಲ್ಲಿ ಮಲಗಬೇಕಾಯಿತಂತೆ.

ಮೂರನೆಯ ಕರೆ ಬೆಳಗಿನ ಜಾವ ಐದೂಕಾಲಕ್ಕೆ. ಅದನ್ನು ನಾನು ಮರೆಯಲಾರೆ.

ಮಂಚದ ಮೇಲೆ ಅರವತ್ತರ ಆಸುಪಾಸಿನವರೊಬ್ಬರು. ಬಾಯಿ ಒಂದು ಕಡೆಗೆ ಜಾರಿತ್ತು. ಎರಡೂ ಕೈ ಎತ್ತಿ ಎಂದರೆ ಎಡಗೈ ಮಾತ್ರ ಏಳುತ್ತಿತ್ತು. ಮಾತು ಅರ್ಥವಾಗುತ್ತಿರಲಿಲ್ಲ. ಮಿದುಳಿನ ಪಾರ್ಶ್ವವಾಯು ಎಂದು ನನಗೂ ತಿಳಿಯಿತು. ಅಕ್ಕ ಸಕ್ಕರೆಯನ್ನು ನೋಡಿದರು, ಯಾಕೆಂದರೆ ಸಕ್ಕರೆ ಇಳಿದರೂ ಹೀಗೆಯೇ ಕಾಣಬಹುದು. ಅದು ಸರಿಯಾಗಿತ್ತು. ಆಮೇಲೆ ಹೆಂಡತಿಯ ಎದುರು ಕುಳಿತು, ಕೈ ಹಿಡಿದುಕೊಂಡು ಕೇಳಿದರು: 'ಅಮ್ಮ, ಇವರು ಚೆನ್ನಾಗಿದ್ದದ್ದನ್ನು ನೀವು ಕೊನೆಯ ಬಾರಿ ನೋಡಿದ್ದು ಯಾವಾಗ?'

'ಈಗ ಐದು ಗಂಟೆಗೆ ಎದ್ದು ನೋಡಿದರೆ ಹೀಗಿದ್ದರು.'

'ಚೆನ್ನಾಗಿದ್ದದ್ದು?'

ಆಕೆ ಬಹಳ ಹೊತ್ತು ಯೋಚಿಸಿದರು. 'ರಾತ್ರಿ ಹತ್ತಕ್ಕೆ ದೀಪ ಆರಿಸಿದೆವು. ಬೆಳಿಗ್ಗೆ ಬೇಗ ಎಬ್ಬಿಸು ಎಂದರು. ಅಷ್ಟೇ.'

ಅಕ್ಕ ಕೈಗವಸಿನ ಹಿಂಬದಿಯ ಮೇಲೆ ಪೆನ್ನಿನಲ್ಲಿ 22.00 ಎಂದು ಬರೆದುಕೊಂಡರು. ಆ ಅಂಕಿ ನೋಡಿದಾಗ ನನ್ನ ಹೊಟ್ಟೆಯೊಳಗೆ ಏನೋ ಕುಸಿದ ಹಾಗಾಯಿತು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧಿಗೆ ಸಾಮಾನ್ಯವಾಗಿ ಇರುವ ಅವಕಾಶ ನಾಲ್ಕೂವರೆ ಗಂಟೆ. ಗಡಿಯಾರ ಓಡತೊಡಗುವುದು ರೋಗಿಯನ್ನು ಕಂಡ ಹೊತ್ತಿನಿಂದಲ್ಲ, ಚೆನ್ನಾಗಿದ್ದದ್ದನ್ನು ಕೊನೆಯ ಬಾರಿ ಕಂಡ ಹೊತ್ತಿನಿಂದ. ನಿದ್ದೆಯಲ್ಲಿ ಏಳು ಗಂಟೆ ಕಳೆದಿತ್ತು. ಹಾಗೆಂದು ಎಲ್ಲವೂ ಮುಗಿದಂತೆಯೂ ಅಲ್ಲ. ಮಿದುಳಿನ ಸ್ಕ್ಯಾನ್ ನೋಡಿ, ದೊಡ್ಡ ರಕ್ತನಾಳದಲ್ಲಿ ತಡೆಯಿದ್ದರೆ, ಆಯ್ದ ಕೆಲವರಲ್ಲಿ 24 ಗಂಟೆಯವರೆಗೂ ಅದನ್ನು ಕೊಳವೆಯ ಮೂಲಕ ತೆಗೆಯಬಹುದು. ಅದಕ್ಕೆ ಆ ಸೌಲಭ್ಯವಿರುವ ಆಸ್ಪತ್ರೆಗೇ ಹೋಗಬೇಕು. ಹತ್ತಿರದ್ದನ್ನು ಬಿಟ್ಟು ದೂರದ್ದಕ್ಕೆ ಹೋಗುವ ನಿರ್ಧಾರವನ್ನು ಅಕ್ಕ ನಿಯಂತ್ರಣ ಕೊಠಡಿಯ ವೈದ್ಯರೊಂದಿಗೆ ಮಾತನಾಡಿ ಒಂದು ನಿಮಿಷದೊಳಗೆ ತೆಗೆದುಕೊಂಡರು.

ದಾರಿಯುದ್ದಕ್ಕೂ ಆ ಹೆಂಡತಿ ಒಂದೇ ಮಾತು ಕೇಳಿದರು: 'ಮೂರು ಗಂಟೆಗೆ ನನಗೆ ಎಚ್ಚರವಾಗಿತ್ತು. ಆಗ ಇವರನ್ನು ಮುಟ್ಟಿ ನೋಡಬೇಕಿತ್ತಲ್ಲವೇ?'

ನಾನು ಕಿಟಕಿಯ ಕಡೆಗೆ ಮುಖ ತಿರುಗಿಸಿಕೊಂಡೆ. ಅದು ನನ್ನದೇ ಪ್ರಶ್ನೆ. ಎರಡು ವರ್ಷಗಳಿಂದ ನನ್ನನ್ನು ನಾನು ಕೇಳಿಕೊಳ್ಳುತ್ತಿದ್ದದ್ದು. ಅಕ್ಕ ಅವರಿಗೆ ಹೇಳಿದ್ದು ಇಷ್ಟು: 'ಮಲಗಿದವರು ಮಲಗಿದ್ದಾರೆ ಎಂದೇ ಯಾರಾದರೂ ತಿಳಿಯುವುದು. ಕಂಡ ಕೂಡಲೇ ನೀವು ಕರೆ ಮಾಡಿದ್ದೀರಿ. ಈಗ ಇವರು ತೆಗೆದುಕೊಳ್ಳುತ್ತಿದ್ದ ಮಾತ್ರೆಗಳನ್ನು ಒಂದೊಂದಾಗಿ ಹೇಳಿ, ನಾನು ಬರೆದುಕೊಳ್ಳುತ್ತೇನೆ.' ಆಕೆ ಕಣ್ಣೊರೆಸಿಕೊಂಡು ಮಾತ್ರೆಗಳ ಹೆಸರು ಹೇಳತೊಡಗಿದರು. ಸುಳ್ಳು ಸಮಾಧಾನ ಹೇಳದೆ, ಅಳುತ್ತಿದ್ದವರ ಕೈಗೆ ಗಂಡನಿಗೆ ಉಪಯೋಗಕ್ಕೆ ಬರುವ ಒಂದು ಕೆಲಸ ಕೊಟ್ಟಿದ್ದರು.

ಆಸ್ಪತ್ರೆಯ ಬಾಗಿಲಲ್ಲಿ ಒಪ್ಪಿಸುವಾಗ ಅಕ್ಕ ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿ ಮುಗಿಸಿದರು. ವಯಸ್ಸು, ಯಾವ ಭಾಗ ಸೋತಿದೆ, ಸಕ್ಕರೆ, ರಕ್ತದೊತ್ತಡ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ ಎಂಬುದು, ಮತ್ತು ರಾತ್ರಿ ಹತ್ತು. ಸ್ಟ್ರೆಚರು ಒಳಗೆ ಹೋಯಿತು, ಬಾಗಿಲು ಮುಚ್ಚಿಕೊಂಡಿತು. ನಾವು ಹೊರಗೆ ಉಳಿದೆವು.

'ಅವರಿಗೆ ಏನಾಯಿತೆಂದು ನಿಮಗೆ ಯಾವಾಗ ತಿಳಿಸುತ್ತಾರೆ?' ಎಂದು ಕೇಳಿದೆ.

'ಸಾಮಾನ್ಯವಾಗಿ ತಿಳಿಸುವುದಿಲ್ಲ' ಎಂದರು ಅಕ್ಕ. ಗಾಡಿಯ ನೆಲ ಒರೆಸುತ್ತಿದ್ದರು.

ನಾನು ಇಟ್ಟುಕೊಂಡಿದ್ದ ಪರೀಕ್ಷೆ ಅಲ್ಲಿಗೆ ಮುರಿದುಬಿತ್ತು. ರಾತ್ರಿಯಿಡೀ ಒಂದು ಹನಿ ರಕ್ತವೂ ಇರಲಿಲ್ಲ, ಬೆರಳು ಚುಚ್ಚಿದ್ದನ್ನು ಬಿಟ್ಟರೆ. ಆದರೆ ಆ ಮುಚ್ಚಿದ ಬಾಗಿಲಿನ ಎದುರು ನಿಂತಾಗ ನನಗೆ ಒಂದು ಮಾತು ಸ್ಪಷ್ಟವಾಯಿತು. ಚಿಕ್ಕಪ್ಪನ ವಿಷಯದಲ್ಲಿ ತಪ್ಪಿಹೋದದ್ದನ್ನು ಬೇರೊಬ್ಬರ ಮನೆಯಲ್ಲಿ ಸರಿಪಡಿಸಬೇಕು, ಅವರು ಕಣ್ಣು ಬಿಡುವುದನ್ನು ಕಾಣಬೇಕು ಎಂಬುದು ನನ್ನ ಆಸೆಯಾಗಿತ್ತು. ಈ ಕೆಲಸ ಅಂಥ ಕೊನೆಗಳನ್ನು ಕೊಡುವುದಿಲ್ಲ. ಕಥೆಯ ನಡುವಿನ ನಲವತ್ತು ನಿಮಿಷ ಮಾತ್ರ ಇವರ ಪಾಲಿಗೆ ಬರುತ್ತದೆ. ಆ ನಲವತ್ತು ನಿಮಿಷವನ್ನು ಕೊರತೆಯಿಲ್ಲದೆ ಮಾಡಿ, ಬಾಗಿಲಲ್ಲಿ ಬಿಟ್ಟುಕೊಟ್ಟು, ನೆಲ ಒರೆಸಿ, ಮತ್ತೆ ಬಲ್ಬು ಬೆಳಗುತ್ತದೆಯೇ ಎಂದು ನೋಡಲು ನನ್ನಿಂದ ಆಗುತ್ತದೆಯೇ? ಕೇಳಿಕೊಳ್ಳಬೇಕಿದ್ದ ಪ್ರಶ್ನೆ ಇದು.

ಉತ್ತರಕ್ಕೆ ಎಂಟು ದಿನ ಬೇಕಾಯಿತು. ಅಕ್ಕ ಫೋನಿನಲ್ಲಿ ಯಾವುದನ್ನೂ ಮುಚ್ಚಿಡಲಿಲ್ಲ. ಸಂಬಳ ನನ್ನ ಈಗಿನದಕ್ಕಿಂತ ಕಡಿಮೆ. ಪಾಳಿ ಬದಲಾದಾಗಲೆಲ್ಲ ನಿದ್ದೆ ಕೆಡುತ್ತದೆ. ಮಕ್ಕಳ ಸಾವು ಮನೆಗೂ ಹಿಂಬಾಲಿಸಿಕೊಂಡು ಬರುತ್ತದೆ, ಅದಕ್ಕೆ ಒಮ್ಮೆ ಅವರೇ ಮನೋವೈದ್ಯರ ಬಳಿ ಹೋಗಿ ಮೂರು ತಿಂಗಳು ಚಿಕಿತ್ಸೆ ಪಡೆದಿದ್ದಾರೆ. 'ಮೊದಲು ಕೆಲವು ತಿಂಗಳ ಮೂಲ ತರಬೇತಿ ಮಾಡಿ. ಒಂದು ವರ್ಷ ಗಾಡಿಯಲ್ಲಿ ದುಡಿಯಿರಿ. ಆಮೇಲೂ ಬೇಕೆನಿಸಿದರೆ ಪ್ಯಾರಾಮೆಡಿಕ್ ಓದಿ. ಒಂದೇ ಸಲಕ್ಕೆ ಇಡೀ ಜೀವನವನ್ನು ತೀರ್ಮಾನಿಸಬೇಡಿ' ಎಂದರು.

ಒಂಬತ್ತನೆಯ ದಿನ ಅರ್ಜಿ ಹಾಕಿದೆ. ಅಪ್ಪ ಪತ್ರಿಕೆಯಿಂದ ತಲೆಯೆತ್ತಲಿಲ್ಲ. ಅಮ್ಮನಿಗೆ, 'ನೀನು ಕೇಳಿದ್ದೆಯಲ್ಲ, ಶುರುವಾದದ್ದು ಚಿಕ್ಕಪ್ಪನಿಂದ. ಆದರೆ ಹೋಗುತ್ತಿರುವುದು ಅವರಿಗಾಗಿ ಅಲ್ಲ' ಎಂದೆ. ಅವರು ಏನೂ ಹೇಳದೆ ಒಳಗೆ ಹೋಗಿ ಗಟ್ಟಿ ದಿಂಬೊಂದನ್ನು ತಂದು ಹಜಾರದ ನೆಲದ ಮೇಲಿಟ್ಟರು. ಚಿಕ್ಕಪ್ಪ ಬಿದ್ದಿದ್ದ ಜಾಗಕ್ಕಿಂತ ಒಂದೆರಡು ಅಡಿ ಈಚೆಗೆ.

'ನನಗೂ ತೋರಿಸು' ಎಂದರು.

ಅವರ ಅಂಗೈಯ ಬುಡವನ್ನು ದಿಂಬಿನ ನಡುವೆ ಇರಿಸಿ, ಅದರ ಮೇಲೆ ಇನ್ನೊಂದು ಕೈ ಇರಿಸಿ, ಮೊಣಕೈ ಮಡಿಸದಂತೆ ನೆಟ್ಟಗೆ ಮಾಡಿದೆ. ಅಮ್ಮ ಹೆದರುತ್ತ ಹೆದರುತ್ತ ಒತ್ತಿದರು. 'ಇನ್ನೂ ಜೋರಾಗಿ ಅಮ್ಮ' ಎಂದೆ. ಎಣಿಸತೊಡಗಿದೆವು.