ಕೆಸರಿನ ಗಾಳಿ
ಉಣಕಲ್ ಕೆರೆ ಅಂಚಿನ ಕೆಸರಲ್ಲಿ ಗುಳ್ಳೆ ಏಳುವುದನ್ನು ನೋಡುತ್ತಾ ನಿಂತೆ. ಇಂಥ ಗುಳ್ಳೆಗಳಲ್ಲಿ ಭೂಮಿಯನ್ನು ಬಿಸಿ ಮಾಡುವ ಮೀಥೇನ್ ಅನಿಲ ಇರುತ್ತದೆ. ಫಿನ್‌ಲ್ಯಾಂಡ್, ಇಂಡೋನೇಷ್ಯಾಗಳ ಪೀಟ್ ಎಂಬ ಜೌಗು ನೆಲದಲ್ಲಿ ಇದನ್ನು ಅಳೆಯುತ್ತಾರೆ. ನೆಲದ ಮೇಲೆ ಒಂದು ಡಬ್ಬಿ ಬೋರಲು ಹಾಕಿ, ಒಳಗೆ ಅನಿಲ ಎಷ್ಟು ಬೇಗ ಏರುತ್ತದೆ ಅಂತ ನೋಡುತ್ತಾರೆ. ಅಷ್ಟೇ ಉಪಾಯ, ಆದರೆ ಎಂಥ ತಾಳ್ಮೆ ಬೇಕು!

ಪೀಟ್ ಅಂದರೆ ನೀರಲ್ಲಿ ಅರೆಬರೆ ಕೊಳೆತ ಗಿಡಗಳು ಸಾವಿರಾರು ವರ್ಷ ಪದರ ಪದರವಾಗಿ ಕೂತ ನೆಲ. ಭೂಮಿಯ ನೆಲಭಾಗದಲ್ಲಿ ಅದರ ಪಾಲು ಸುಮಾರು 3%. ಆದರೂ ಎಲ್ಲ ಕಾಡುಗಳ ಮರಗಿಡಗಳಿಗಿಂತ ಜಾಸ್ತಿ ಇಂಗಾಲ ಅಲ್ಲಿದೆ. ನೀರು ಬಸಿದರೆ ಆ ಇಂಗಾಲ ಕಾರ್ಬನ್ ಡೈಆಕ್ಸೈಡ್ ಆಗಿ ಹೊರಬರುತ್ತದೆ.

ನಮ್ಮ ಗದಗದ ಮಾಗಡಿ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿ, ಅಂದರೆ ಜಗತ್ತಿನ ಮುಖ್ಯ ಜೌಗುನೆಲಗಳ ಪಟ್ಟಿ, ಸೇರಿತು. ಅದು ಪೀಟ್ ಅಲ್ಲ, ನಿಜ. ಆದರೆ ಅಲ್ಲಿ ಹಕ್ಕಿ ಎಣಿಸಿದ ಹಾಗೆ ಕೆಸರಿನ ಗಾಳಿಯನ್ನೂ ಅಳೆಯಬೇಕು ಅಲ್ವಾ?