1453 ಅಲ್ಲ ಅಂದ್ರೆ ಮತ್ಯಾವುದು?

ನಾನು ಇತಿಹಾಸದ ಹುಚ್ಚಿನವನು ಅಂತ ಗೊತ್ತಾದ ತಕ್ಷಣ ಜನ ಕೇಳುವ ಪ್ರಶ್ನೆ ಒಂದಿದೆ. ಮಧ್ಯಯುಗದ ಯುರೋಪಿನ ದಿಕ್ಕು ಬದಲಿಸಿದ್ದು ಯಾವ ಘಟನೆ? ಒಂದೇ ಹೇಳಬೇಕಂತೆ. ನಾನು ಬಾಯಿ ತೆರೆಯುವ ಮೊದಲೇ ಉತ್ತರವನ್ನೂ ಅವರೇ ಕೊಟ್ಟುಬಿಡುತ್ತಾರೆ: ‘1453, ಕಾನ್‌ಸ್ಟಾಂಟಿನೋಪಲ್, ಅಲ್ವಾ?’ ಎಸ್ಸೆಸ್ಸೆಲ್ಸಿ ಸಮಾಜ ಪುಸ್ತಕದ ಮಹಿಮೆ. ತುರ್ಕರು ನಗರ ಹಿಡಿದರು, ವ್ಯಾಪಾರದ ದಾರಿ ಮುಚ್ಚಿತು, ಗಾಮ ಹಡಗು ಹತ್ತಿದ. ಒಂದು ಅಂಕ ಗ್ಯಾರಂಟಿ.

ಆದರೆ ಪೋರ್ಚುಗೀಸರು 1415ರಲ್ಲೇ ಆಫ್ರಿಕಾದ ಸ್ಯೂಟಾ ಹಿಡಿದಿದ್ದರು. 1434ರಲ್ಲಿ ಆಫ್ರಿಕಾದ ಪಶ್ಚಿಮ ಕರಾವಳಿಯ ಬೊಜಡೋರ್ ಭೂಶಿರ ದಾಟಿಯೂ ಆಗಿತ್ತು. ಇತ್ತ 1453 ಆದಮೇಲೂ ವೆನಿಸ್ಸಿನ ವರ್ತಕರು ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ನಮ್ಮ ಕರಾವಳಿಯ ಮೆಣಸು ಕೊಳ್ಳುತ್ತಲೇ ಇದ್ದರು.

ನನ್ನ ಉತ್ತರ ಪ್ಲೇಗು. 1347ರ ಅಕ್ಟೋಬರ್‌ನಲ್ಲಿ ಇಟಲಿಯ ಜಿನೋವಾದ ಹಡಗುಗಳ ಜೊತೆ ಅದು ಸಿಸಿಲಿಯ ಮೆಸ್ಸಿನಾ ಬಂದರಿಗೆ ಬಂತು. ಮುಂದಿನ ಬೇಸಿಗೆಗೆ ಇಂಗ್ಲೆಂಡ್ ಮುಟ್ಟಿತ್ತು. ಐದಾರು ವರ್ಷದಲ್ಲಿ ಯುರೋಪಿನ ಮೂರನೇ ಒಂದು ಪಾಲು ಜನ ಹೋದರು. ಅರ್ಧಕ್ಕರ್ಧ ಅನ್ನುವವರೂ ಇದ್ದಾರೆ.

ಸಾವಿನ ಲೆಕ್ಕ ಎಲ್ಲರೂ ಹೇಳುತ್ತಾರೆ. ನನ್ನನ್ನು ಹಿಡಿದಿಟ್ಟಿದ್ದು ಆಮೇಲಿನ ಕೂಲಿ ಜಗಳ. ಇಂಗ್ಲೆಂಡಿನ ಲೆಸ್ಟರ್ ಊರಿನ ಮಠದಲ್ಲಿದ್ದ ಹೆನ್ರಿ ನೈಟನ್ ಅನ್ನುವವನು ಆ ಕಾಲದ ಸಂಗತಿ ಬರೆದಿಟ್ಟಿದ್ದಾನೆ. 40 ಶಿಲಿಂಗಿನ ಕುದುರೆ 6 ಶಿಲಿಂಗ್ 8 ಪೆನ್ನಿಗೆ ಸಿಗುತ್ತಿತ್ತಂತೆ. ಕುರಿ, ದನ ಹೇಳುವವರು ಕೇಳುವವರಿಲ್ಲದೆ ಬೆಳೆಯೊಳಗೆ ಅಲೆದವು. ಕೊಯ್ಯುವ ಕೈಗಳಿಲ್ಲದೆ ಪೈರು ಹೊಲದಲ್ಲೇ ಕೊಳೆಯಿತು.

ಅಲ್ಲಿಯವರೆಗೆ ಧಣಿಯ ಹೊಲದಲ್ಲಿ ಬಿಟ್ಟಿ ಗೇಯುತ್ತಿದ್ದವನಿಗೆ ಈಗ ಪಕ್ಕದ ಊರಿನ ಧಣಿಯೇ ಜಾಸ್ತಿ ಕೂಲಿ ಕೊಟ್ಟು ಕರೆಯುತ್ತಿದ್ದ. ಮೂರನೇ ಎಡ್ವರ್ಡ್ ರಾಜನಿಗೆ ಗಾಬರಿಯಾಯಿತು. 1349ರಲ್ಲೇ ಆಜ್ಞೆ: ಕೂಲಿ ಪ್ಲೇಗಿಗೆ ಮೊದಲು ಎಷ್ಟಿತ್ತೋ ಅಷ್ಟೇ. 1351ರ ಕಾನೂನು ಓದಿದರೆ ನಗು ಬರುತ್ತದೆ. ಪೈರು ಕೊಯ್ಯುವವನಿಗೆ ಆಗಸ್ಟ್ ಮೊದಲ ವಾರ ದಿನಕ್ಕೆ 2 ಪೆನ್ನಿ, ಆಮೇಲೆ 3 ಪೆನ್ನಿ. ಊಟ ಕೇಳಬಾರದು. ಒಪ್ಪದಿದ್ದರೆ ಕಾಲಿಗೆ ಮರದ ಕೋಳ. ಊರೂರಲ್ಲೂ ಆ ಕೋಳ ಮಾಡಿಸಿಡಿ ಅಂತ ಕಾನೂನಿನಲ್ಲೇ ಬರೆದಿದ್ದಾರೆ! ಕೋಳ ಮಾಡುವ ಬಡಗಿಯ ಕೂಲಿಗೂ ಅದೇ ಕಾನೂನು ಕಡಿವಾಣ ಹಾಕಿತ್ತು ಅನ್ನೋದು ಬೇರೆ ಮಾತು.

ಕಾನೂನಿನ ಮಾತು ಕೇಳಿದವರು ಯಾರು? ಕೇಳಿದಷ್ಟು ಕೊಡದೆ ಆಳು ಸಿಗುತ್ತಿರಲಿಲ್ಲ ಅಂತ ನೈಟನ್ನೇ ಗೊಣಗುತ್ತಾನೆ. 1363ರಲ್ಲಿ ಇನ್ನೊಂದು ಕಾನೂನು ಬಂತು: ನೇಗಿಲು ಹಿಡಿಯುವವರು, ಗಾಡಿ ಹೊಡೆಯುವವರು ಒರಟು ಉಣ್ಣೆ ಬಟ್ಟೆಯನ್ನೇ ತೊಡಬೇಕು. ಅವರು ಒಳ್ಳೆ ಬಟ್ಟೆ ಕೊಳ್ಳುವಷ್ಟು ಕೈಯಲ್ಲಿ ಕಾಸು ಕಂಡಿದ್ದರು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾ? ಎರಡು ವರ್ಷದೊಳಗೆ ಅದನ್ನು ಕೈಬಿಟ್ಟರು.

ಎಲ್ಲ ಕಡೆ ಹೀಗೇ ಆಯಿತು ಅಂತಲ್ಲ. ಜರ್ಮನಿಯ ಎಲ್ಬೆ ನದಿಯ ಪೂರ್ವಕ್ಕೆ ಮುಂದಿನ ಶತಮಾನಗಳಲ್ಲಿ ಜೀತ ಇನ್ನಷ್ಟು ಬಿಗಿಯಾಯಿತು. ಆಳು ಕಡಿಮೆಯಾದರೆ ಕೂಲಿ ಏರಲೇಬೇಕು ಅಂತೇನಿಲ್ಲ, ಆಳನ್ನು ಕಟ್ಟಿಹಾಕಲೂಬಹುದು.

ಇಂಗ್ಲೆಂಡಿನಲ್ಲಿ ಕಟ್ಟಿಹಾಕಲು ಹೋಗಿ ಸೋತರು. 1381ರಲ್ಲಿ ತಲೆಗೆ 12 ಪೆನ್ನಿ ತೆರಿಗೆ ವಸೂಲಿಗೆ ಇಳಿದಾಗ ಎಸೆಕ್ಸ್, ಕೆಂಟ್ ಸೀಮೆಯ ರೈತರು ಲಂಡನ್ನಿಗೇ ನುಗ್ಗಿದರು. 14 ವರ್ಷದ ರಾಜ ಎರಡನೇ ರಿಚರ್ಡ್ ಜೀತ ರದ್ದು ಅಂದ. ಮುಖಂಡ ವಾಟ್ ಟೈಲರ್ ಸತ್ತಮೇಲೆ ಮಾತು ತಪ್ಪಿದ. ದಂಗೆಯಲ್ಲಿ ಎಷ್ಟೋ ಊರುಗಳಲ್ಲಿ ಜನ ಧಣಿಗಳ ಮನೆಗೆ ನುಗ್ಗಿ ಹುಡುಕಿದ್ದು ಒಂದು ವಸ್ತುವನ್ನು. ಯಾರು ಯಾರ ಜೀತದಾಳು, ಎಷ್ಟು ದಿನ ಬಿಟ್ಟಿ ಗೇಯಬೇಕು ಅಂತ ಬರೆದಿಟ್ಟ ತೊಗಲಿನ ಸುರುಳಿಗಳು. ಹೊರಗೆ ಎಳೆದು ತಂದು ರಾಶಿ ಹಾಕಿ ಬೆಂಕಿ ಇಟ್ಟರು.