ಪಯಸ್ವಿನಿಯ ದಡ ಹಿಡಿದು

ಅಡೂರಿನ ಮಹಾಲಿಂಗೇಶ್ವರನಿಗೆ ಕೈಮುಗಿದು, ಪಯಸ್ವಿನಿಯ ದಡ ಹಿಡಿದು ನಾನೂ ಸೋದರಮಾವನೂ ಹೊರಟೆವು. ಜನವರಿಯ ಬೆಳಗು, ತೋಟಗಳಲ್ಲಿ ಇನ್ನೂ ಮಂಜು. ಒಂದು ತೋಡಿಗೆ ಎರಡೇ ಅಡಕೆಮರದ ಸಂಕ, ಅದೇ ಕಾಲುಸೇತುವೆ. ಚಪ್ಪಲಿ ಕೈಯಲ್ಲಿ ಹಿಡಿದು ದಾಟಿದೆ.

ಆಚೆ ಗುಡ್ಡದ ಬುಡದಲ್ಲಿ ಸುರಂಗ. ಮುರಕಲ್ಲನ್ನು, ಅಂದರೆ ಜಂಬಿಟ್ಟಿಗೆಯನ್ನು, ಅಡ್ಡಕ್ಕೆ ಕೊರೆದು ನೀರು ತೆಗೆಯುವ ಈ ಜಾಣ್ಮೆ ನಮ್ಮ ಕಾಸರಗೋಡಿನ ಹೆಮ್ಮೆ. ಪಂಪು ಬೇಡ, ಕರೆಂಟು ಬೇಡ. ಒಸರಿದ ನೀರು ತಾನಾಗಿ ಹೊರಗೆ ಹರಿಯುತ್ತದೆ. "ತಲೆ ಜಾಗ್ರತೆ, ಬಗ್ಗಿ ಬಾ" ಎಂದರು ಮಾವ. ಒಳಗೆ ಕತ್ತಲೆ, ಗೋಡೆ ತುಂಬ ಪಿಕ್ಕಾಸಿನ ಗೀರು, ತೊಟ್ಟಿಕ್ಕುವ ಸದ್ದು. ಬೊಗಸೆಯೊಡ್ಡಿ ಕುಡಿದೆ. ಎಂಥ ತಂಪು!

ಇದೇ ಹೊಳೆ ಕೆಳಗೆ ಚಂದ್ರಗಿರಿಯಾಗಿ, ಶಿವಪ್ಪ ನಾಯಕ 17ನೇ ಶತಮಾನದಲ್ಲಿ ಕಟ್ಟಿಸಿದ ಕೋಟೆಯ ಪಕ್ಕ ಹಾದು ಕಡಲು ಸೇರುತ್ತದೆ. ಬರುವ ಭಾನುವಾರ ಅಲ್ಲಿಗೆ.